ಅಮೆರಿಕದ ಲೈಂಗಿಕ ಅಪರಾಧಿಗಳ ಪಟ್ಟಿ: ಹುಡುಕುವ ಬಗೆ, ಓದುವ ಬಗೆ

ಕೇಳುಗರಿಗೆ ನಮಸ್ಕಾರ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಮಗಳು ಹೊಸ ಮನೆಯ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಅದರ ಪ್ರತಿಯೊಂದನ್ನು ನನಗೆ ಕಳುಹಿಸಿದ್ದಳು. ಮುಂಗಡದ ಹಣ, ನೀರಿನ ಬಿಲ್ಲು, ಸಾಕುಪ್ರಾಣಿಗಳ ವಿಚಾರ ಇವೆಲ್ಲ ಮುಗಿದ ಮೇಲೆ ಅದರಲ್ಲಿ ಒಂದು ಪ್ಯಾರಾ ಇತ್ತು. ನೋಂದಾಯಿತ ಲೈಂಗಿಕ ಅಪರಾಧಿಗಳ ವಿವರಗಳು ರಾಜ್ಯದ ನ್ಯಾಯ ಇಲಾಖೆಯ ಜಾಲತಾಣದಲ್ಲಿ ಸಾರ್ವಜನಿಕರಿಗೆ ತೆರೆದಿವೆ ಎಂಬುದು ಅದರ ತಾತ್ಪರ್ಯ. ಮನೆಯ ಮಾಲೀಕರು ತಮ್ಮಿಷ್ಟಕ್ಕೆ ಸೇರಿಸಿದ ಮಾತಲ್ಲ ಅದು. ಆ ರಾಜ್ಯದಲ್ಲಿ ವಾಸದ ಮನೆಯನ್ನು ಬಾಡಿಗೆಗೆ ಕೊಡುವಾಗಲೂ ಮಾರುವಾಗಲೂ ಕರಾರಿನಲ್ಲಿ ಈ ಸೂಚನೆ ಇರಬೇಕೆಂದು ಕಾನೂನೇ ವಿಧಿಸಿದೆ. ಮನೆಯಲ್ಲಿ ಮೂರು ವರ್ಷದ ಮಗುವಿರುವಾಗ ಇಂತಹ ಸಾಲನ್ನು ಓದಿ ಸುಮ್ಮನೆ ಪುಟ ತಿರುಗಿಸಲು ಯಾರಿಗೂ ಆಗುವುದಿಲ್ಲ. ಈ ಪಟ್ಟಿಯ ಹಿಂದೆ ಬಿದ್ದು ನಾನು ತಿಳಿದುಕೊಂಡದ್ದನ್ನು, ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿರುವ ಕನ್ನಡದ ಮನೆಗಳಿಗೆ ಉಪಯೋಗವಾದೀತೆಂದು ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ, ಈ ಪಟ್ಟಿಗೆ ಹೆಸರು ಸೇರುವುದು ಹೇಗೆ ಎಂಬುದನ್ನು ನೋಡೋಣ. ನಮ್ಮ ಠಾಣೆಗಳಲ್ಲಿ ತೆರೆಯುವ ರೌಡಿ ಪಟ್ಟಿಯನ್ನು ನೀವು ಬಲ್ಲಿರಿ; ಅದು ಪೊಲೀಸರ ಸ್ವಂತ ತೀರ್ಮಾನದಿಂದ ಆಗುವಂಥದ್ದು. ಅಮೆರಿಕದ ಪಟ್ಟಿ ಹಾಗಲ್ಲ. ದೂರು ಬಂದ ಮಾತ್ರಕ್ಕೆ, ಬಂಧನವಾದ ಮಾತ್ರಕ್ಕೆ ಯಾರ ಹೆಸರೂ ಅದರಲ್ಲಿ ಸೇರುವುದಿಲ್ಲ. ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿದ ಮೇಲೆಯೇ ನೋಂದಣಿಯ ಹೊಣೆ ಹುಟ್ಟುತ್ತದೆ. ಆಮೇಲೆ ಆ ವ್ಯಕ್ತಿಯು ತಾನು ವಾಸಿಸುವ, ದುಡಿಯುವ, ಓದುವ ಸ್ಥಳಗಳ ಅಧಿಕಾರಿಗಳ ಮುಂದೆ, ಅಂದರೆ ಹೆಚ್ಚಿನ ಕಡೆ ನಮ್ಮ ಜಿಲ್ಲೆಯಂತಹ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನ ಕಚೇರಿಯಲ್ಲೋ ನಗರದ ಪೊಲೀಸ್ ಠಾಣೆಯಲ್ಲೋ, ಖುದ್ದಾಗಿ ಹಾಜರಾಗಿ ತನ್ನ ಭಾವಚಿತ್ರ, ಬೆರಳಚ್ಚು, ವಿಳಾಸ, ವಾಹನದ ವಿವರಗಳನ್ನು ಕೊಡಬೇಕಾಗುತ್ತದೆ. 2006ರ ಆಡಮ್ ವಾಲ್ಷ್ ಕಾಯ್ದೆಯು ಇಡೀ ದೇಶಕ್ಕೆ ಹಾಕಿಕೊಟ್ಟ ಮಾದರಿಯಲ್ಲಿ ಅಪರಾಧದ ತೀವ್ರತೆ ಹೆಚ್ಚಿದಂತೆ ಶ್ರೇಣಿ ಏರುತ್ತದೆ; ಅದರ ಪ್ರಕಾರ ಮೊದಲ ಶ್ರೇಣಿಯ ಅಪರಾಧಿ 15 ವರ್ಷಗಳ ಕಾಲ ವರ್ಷಕ್ಕೊಮ್ಮೆ, ಎರಡನೆಯ ಶ್ರೇಣಿಯವನು 25 ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ, ಮೂರನೆಯ ಶ್ರೇಣಿಯವನು ಬದುಕಿರುವಷ್ಟು ಕಾಲ ಮೂರು ತಿಂಗಳಿಗೊಮ್ಮೆ ಹೀಗೆ ಹಾಜರಾಗಬೇಕು. ಮನೆ ಬದಲಿಸಿದರೆ, ಕೆಲಸ ಬದಲಿಸಿದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಬೇಕು. ಆದರೆ ಇದು ಕೇಂದ್ರದ ಮಾದರಿ ಮಾತ್ರ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಇದನ್ನು ಇನ್ನೂ ಪೂರ್ತಿಯಾಗಿ ಅಳವಡಿಸಿಕೊಂಡಿಲ್ಲ. ಕ್ಯಾಲಿಫೋರ್ನಿಯಾ 2021ರ ಜನವರಿಯಿಂದ 10 ವರ್ಷ, 20 ವರ್ಷ, ಜೀವಿತಾವಧಿ ಎಂಬ ತನ್ನದೇ ಮೂರು ಹಂತಗಳನ್ನು ಪಾಲಿಸುತ್ತಿದೆ. ಅದಕ್ಕೂ ಮೊದಲು ಅಲ್ಲಿ ನೋಂದಣಿಯೆಂದರೆ ಜೀವನಪೂರ್ತಿ ಎಂದೇ ಅರ್ಥವಿತ್ತು. ಒಂದು ರಾಜ್ಯದಲ್ಲಿ ಕಲಿತ ನಿಯಮವನ್ನು ಮತ್ತೊಂದು ರಾಜ್ಯದಲ್ಲಿ ನಂಬಿಕೊಳ್ಳುವಂತಿಲ್ಲ ಎಂಬುದನ್ನು, ಕೆಲಸದ ನಿಮಿತ್ತ ಊರಿಂದೂರಿಗೆ ಹೋಗುವ ನಮ್ಮವರು ಮುಖ್ಯವಾಗಿ ಗಮನಿಸಬೇಕು.

ಕ್ಯಾಲಿಫೋರ್ನಿಯಾದಲ್ಲಿ ಈ ನೋಂದಣಿ 1947ರಷ್ಟು ಹಳೆಯದು. ಆದರೆ ಆಗ ಅದು ಪೊಲೀಸರ ಕಪಾಟಿನೊಳಗಿನ ಕಡತವಾಗಿತ್ತು. ಅದನ್ನು ಬೀದಿಯ ಜನರ ಕೈಗೆ ತಂದದ್ದು ನ್ಯೂಜೆರ್ಸಿಯ ಒಂದು ದುರಂತ. 1994ರ ಜುಲೈ ತಿಂಗಳಲ್ಲಿ ಹ್ಯಾಮಿಲ್ಟನ್ ಟೌನ್‌ಶಿಪ್ಪಿನಲ್ಲಿ ಮೆಗನ್ ಕ್ಯಾಂಕಾ ಎಂಬ ಏಳು ವರ್ಷದ ಬಾಲಕಿಯನ್ನು ಎದುರು ಮನೆಯಲ್ಲಿದ್ದವನು ಕೊಂದನು. ಮಕ್ಕಳ ಮೇಲಿನ ಅಪರಾಧಕ್ಕಾಗಿ ಅವನಿಗೆ ಹಿಂದೆಯೇ ಎರಡು ಬಾರಿ ಶಿಕ್ಷೆಯಾಗಿತ್ತು, ಮತ್ತು ಆ ಸಂಗತಿ ಬಾಲಕಿಯ ತಂದೆತಾಯಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಮ್ಮ ಮಗಳು ಇಂದು ಬದುಕಿರುತ್ತಿದ್ದಳು ಎಂಬ ಆ ದಂಪತಿಯ ಅಳಲಿಗೆ ಉತ್ತರ ಕೊಡಲು ಯಾವ ಶಾಸನಸಭೆಗೂ ಸಾಧ್ಯವಿರಲಿಲ್ಲ. ಸುಮಾರು ಮೂರು ತಿಂಗಳಲ್ಲಿ ಆ ರಾಜ್ಯದಲ್ಲಿ ಮೆಗನ್ ಹೆಸರಿನ ಕಾನೂನು ಬಂತು; 1996ರ ಮೇ ತಿಂಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿಯೊಂದಿಗೆ ಅದು ಇಡೀ ದೇಶದ ಕಾನೂನಾಯಿತು.

ಇನ್ನು ಹುಡುಕುವ ವಿಧಾನ. ಇದಕ್ಕೆ ಎರಡು ಬಾಗಿಲುಗಳಿವೆ. ಒಂದು, ಆಯಾ ರಾಜ್ಯದ ಅಥವಾ ಕೌಂಟಿಯ ಸ್ವಂತ ಜಾಲತಾಣ. ಇನ್ನೊಂದು, ಕೇಂದ್ರದ ನ್ಯಾಯ ಇಲಾಖೆ ನಡೆಸುವ ಡ್ರೂ ಷೋಡೀನ್ ರಾಷ್ಟ್ರೀಯ ಜಾಲತಾಣ. 2003ರ ನವೆಂಬರಿನಲ್ಲಿ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಪಟ್ಟಣದಿಂದ ಅಪಹೃತಳಾಗಿ ಕೊಲೆಯಾದ 22 ವರ್ಷದ ವಿದ್ಯಾರ್ಥಿನಿಯ ಹೆಸರು ಅದು. ಅಪರಾಧಿ ಪಕ್ಕದ ಮಿನೆಸೋಟಾ ರಾಜ್ಯದವನಾಗಿದ್ದನು. ರಾಜ್ಯದ ಗಡಿ ದಾಟಿದರೆ ಮಾಹಿತಿ ನಿಂತುಹೋಗುತ್ತಿತ್ತೆಂಬ ಕೊರತೆಯನ್ನು ತುಂಬುವುದೇ ಈ ತಾಣದ ಉದ್ದೇಶ. ಇದು ತನ್ನಲ್ಲಿ ಯಾವ ಪಟ್ಟಿಯನ್ನೂ ಇಟ್ಟುಕೊಂಡಿಲ್ಲ ಎಂಬುದು ತಿಳಿದಿರಬೇಕಾದ ಸಂಗತಿ. ನೀವು ಹೆಸರನ್ನೋ ಅಂಚೆ ಸಂಖ್ಯೆಯನ್ನೋ ಕೊಟ್ಟಾಗ ಅದು ರಾಜ್ಯಗಳ, ಆಡಳಿತ ಪ್ರದೇಶಗಳ ಮತ್ತು ಹಲವು ಮೂಲನಿವಾಸಿ ಬುಡಕಟ್ಟುಗಳ ಪಟ್ಟಿಗಳನ್ನು ಆ ಕ್ಷಣದಲ್ಲೇ ವಿಚಾರಿಸಿ, ಸಿಕ್ಕಿದ್ದನ್ನು ಒಟ್ಟುಗೂಡಿಸಿ ತೋರಿಸುತ್ತದೆ. ಶುಲ್ಕವಿಲ್ಲ, ಖಾತೆ ತೆರೆಯಬೇಕಾಗಿಲ್ಲ. ಬಳಕೆಯ ಷರತ್ತುಗಳಿಗೆ ಒಪ್ಪಿಗೆ ಕೊಟ್ಟರೆ ಸಾಕು. ಮನೆಯ ವಿಳಾಸವನ್ನು ಕೊಟ್ಟು ಅದರ ಸುತ್ತಲಿನ ಒಂದೆರಡು ಮೈಲಿಯೊಳಗೆ ಯಾರಿದ್ದಾರೆಂದು ನೋಡುವ ಅನುಕೂಲವೂ ಬಹುತೇಕ ಕಡೆಗಳಲ್ಲಿ ಇದೆ. ಹಣ ಕೇಳುವ ಖಾಸಗಿ ತಾಣಗಳೂ ಇವೆ. ಅವುಗಳಲ್ಲಿನ ಮಾಹಿತಿ ಹಳತಾಗಿರಬಹುದಾದ್ದರಿಂದ ನಾನಂತೂ ಸರ್ಕಾರದ ತಾಣವನ್ನು ಬಿಟ್ಟು ಬೇರೆಡೆ ನೋಡಬೇಡಿರೆಂದೇ ಹೇಳುತ್ತೇನೆ.

ರಾಷ್ಟ್ರೀಯ ತಾಣದಲ್ಲಿ ಒಂದು ಹೆಸರು ಕಂಡಿತೆನ್ನಿ, ಅಲ್ಲಿಗೆ ಹುಡುಕಾಟ ಮುಗಿಯಲಿಲ್ಲ. ಆ ಹೆಸರಿನ ಮೇಲೆ ಒತ್ತಿ ರಾಜ್ಯದ ಮೂಲ ಪುಟಕ್ಕೆ ಹೋಗಬೇಕು. ಅಲ್ಲಿ ಭಾವಚಿತ್ರ, ವಯಸ್ಸು, ಎತ್ತರ, ಬಳಸುವ ಬೇರೆ ಹೆಸರುಗಳು, ಯಾವ ಕಾನೂನಿನ ಯಾವ ವಿಧಿಯಡಿ ಅಪರಾಧ ಸಾಬೀತಾಯಿತು ಎಂಬ ವಿವರಗಳಿರುತ್ತವೆ. ಒಂದೇ ಹೆಸರಿನ ನೂರಾರು ಜನರಿರುವ ದೇಶದಲ್ಲಿ ಹೆಸರನ್ನು ಮಾತ್ರ ನೋಡಿ ಪಕ್ಕದ ಮನೆಯವನನ್ನು ಅಪರಾಧಿಯೆಂದು ಭಾವಿಸುವುದು ಘೋರ ತಪ್ಪಾಗುತ್ತದೆ. ಚಿತ್ರ, ವಯಸ್ಸು, ವಿಳಾಸ ಮೂರೂ ಹೊಂದಿದಾಗ ಮಾತ್ರ ಅದು ಅವನೇ ಎಂದು ತಿಳಿಯಬೇಕು. ಹೊಂದದಿದ್ದರೆ ಶೆರಿಫ್ ಕಚೇರಿಗೆ ಕರೆಮಾಡಿ ಕೇಳಬಹುದು. ಈ ಕೆಲಸಕ್ಕೆಂದೇ ನೇಮಿಸಿದ ಸಿಬ್ಬಂದಿ ಅನೇಕ ಕೌಂಟಿಗಳಲ್ಲಿ ಇರುತ್ತಾರೆ. ನಿಮ್ಮ ವಿಳಾಸದ ಹತ್ತಿರಕ್ಕೆ ನೋಂದಾಯಿತ ವ್ಯಕ್ತಿಯೊಬ್ಬನು ಬಂದು ನೆಲೆಸಿದರೆ ಇಮೇಲ್ ಮೂಲಕ ತಿಳಿಸುವ ಏರ್ಪಾಡನ್ನೂ ಹಲವು ಕಡೆ ಮಾಡಿದ್ದಾರೆ.

ಪಟ್ಟಿಯಲ್ಲಿ ಕಾಣದಿರುವುದು ಏನು ಎಂಬುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ವಿಷಯ. ಸಂತ್ರಸ್ತರ ಗುರುತು ಅಲ್ಲಿರುವುದಿಲ್ಲ, ಇರಲೂ ಬಾರದು. ಆದರೆ ನೋಂದಾಯಿತರೆಲ್ಲರೂ ಅಲ್ಲಿ ಕಾಣುತ್ತಾರೆಂದು ತಿಳಿಯುವುದೂ ತಪ್ಪು. ನ್ಯೂಯಾರ್ಕ್ ರಾಜ್ಯದ ಜಾಲತಾಣದಲ್ಲಿ ಎರಡನೆಯ ಮತ್ತು ಮೂರನೆಯ ಹಂತದವರು, ಅಂದರೆ ಮಧ್ಯಮ ಮತ್ತು ಹೆಚ್ಚಿನ ಅಪಾಯದವರು ಮಾತ್ರ ಇದ್ದಾರೆ. ಮೊದಲ ಹಂತದವರ ಬಗ್ಗೆ ದೂರವಾಣಿಯಲ್ಲಿ ನಿರ್ದಿಷ್ಟ ಹೆಸರು ಹಿಡಿದು ವಿಚಾರಿಸಬೇಕು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೊದಲ ಹಂತದವರ ಮಾಹಿತಿ ಸಾರ್ವಜನಿಕರಿಗೆ ಸಿಗುವುದೇ ಇಲ್ಲ. ನ್ಯೂಜೆರ್ಸಿಯಲ್ಲಿ ಕಡಿಮೆ ಅಪಾಯದವರೆಂದು ಎಣಿಸಿದವರ ವಿಷಯ ಪೊಲೀಸರಿಗೆ ಮಾತ್ರ, ಮಧ್ಯಮದವರದು ಶಾಲೆಗಳಿಗೂ ಮಕ್ಕಳ ಸಂಸ್ಥೆಗಳಿಗೂ, ಹೆಚ್ಚಿನ ಅಪಾಯದವರದು ಅಕ್ಕಪಕ್ಕದ ಮನೆಗಳಿಗೂ ತಿಳಿಯುತ್ತದೆ. ಹೀಗಾಗಿ ಪರದೆಯ ಮೇಲೆ ಏನೂ ಕಾಣಲಿಲ್ಲವೆಂದರೆ, ಈ ರಾಜ್ಯವು ತೋರಿಸಲು ಒಪ್ಪಿರುವವರಲ್ಲಿ ಯಾರೂ ಇಲ್ಲಿಲ್ಲ ಎಂದಷ್ಟೇ ತಿಳಿಯಬೇಕು.

ಕಂಡ ವಿಳಾಸವಾದರೂ ಸದಾ ಗಟ್ಟಿಯಾದುದೆನ್ನುವಂತಿಲ್ಲ. ಫ್ಲಾರಿಡಾದ ಮಯಾಮಿ ಡೇಡ್ ಕೌಂಟಿಯಲ್ಲಿ ಶಾಲೆಗಳಿಂದ 2,500 ಅಡಿಯೊಳಗೆ ಇಂತಹವರು ವಾಸಿಸಬಾರದೆಂದು 2005ರಲ್ಲಿ ನಿಯಮ ಮಾಡಿದರು. ಕಿಕ್ಕಿರಿದ ನಗರದಲ್ಲಿ ಅಷ್ಟು ದೂರದ ಮನೆ ಸಿಗುವುದೇ ದುಸ್ತರವಾಗಿ, ಶಿಕ್ಷೆ ಮುಗಿಸಿ ಬಂದ ಹತ್ತಾರು ಜನರು ಬಿಸ್ಕೇನ್ ಕೊಲ್ಲಿಯ ಮೇಲಿನ ಜೂಲಿಯಾ ಟಟಲ್ ಸೇತುವೆಯ ಕೆಳಗೆ ಡೇರೆ ಹಾಕಿಕೊಂಡು ಕೆಲವು ವರ್ಷ ಬದುಕಿದರು. 2010ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ಸೂರಿಲ್ಲದವನನ್ನು, ಕೆಲಸವಿಲ್ಲದವನನ್ನು ಪೊಲೀಸರು ಗಮನಿಸುತ್ತಿರುವುದು ಸುಲಭವೇ, ಅವನಿಂದ ಸುತ್ತಲಿನವರಿಗೆ ಅಪಾಯ ಕಡಿಮೆಯಾಯಿತೇ ಎಂಬ ಪ್ರಶ್ನೆಯನ್ನು ಅಪರಾಧಿಯ ಮೇಲಿನ ಕರುಣೆಯಿಂದಲ್ಲ, ಮಕ್ಕಳ ಮೇಲಿನ ಕಾಳಜಿಯಿಂದಲೇ ಕೇಳಬೇಕಾಗುತ್ತದೆ.

ಮಾಹಿತಿ ಸಿಕ್ಕವರು ಅದನ್ನು ಬಳಸುವ ರೀತಿಗೂ ಎಲ್ಲೆಯಿದೆ. 2006ರ ಏಪ್ರಿಲ್ ತಿಂಗಳಲ್ಲಿ ಕೆನಡಾದಿಂದ ಬಂದ ಯುವಕನೊಬ್ಬನು ಮೇನ್ ರಾಜ್ಯದ ಜಾಲತಾಣದಿಂದ ವಿಳಾಸಗಳನ್ನು ತೆಗೆದುಕೊಂಡು, ಪಟ್ಟಿಯಲ್ಲಿದ್ದ ಇಬ್ಬರನ್ನು ಅವರ ಮನೆಗಳಿಗೇ ಹೋಗಿ ಗುಂಡಿಟ್ಟು ಕೊಂದನು. ಸತ್ತ ಇಬ್ಬರಲ್ಲಿ ಒಬ್ಬನು ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇನ್ನೂ ಹದಿನಾರು ತುಂಬದ ಗೆಳತಿಯೊಂದಿಗಿನ ಸಂಬಂಧಕ್ಕಾಗಿ ಪಟ್ಟಿಗೆ ಸೇರಿದವನಾಗಿದ್ದನು. ಒಂದು ಸಾಲಿನ ವಿವರಣೆ ಒಂದು ಪ್ರಕರಣದ ಎಲ್ಲವನ್ನೂ ಹೇಳಲಾರದೆಂಬುದಕ್ಕೆ ಇದಕ್ಕಿಂತ ಕಠಿಣವಾದ ಉದಾಹರಣೆ ನನಗೆ ತಿಳಿಯದು. ಪಟ್ಟಿಯ ಮಾಹಿತಿಯನ್ನು ಬೆದರಿಕೆಗೆ, ಕಿರುಕುಳಕ್ಕೆ ಬಳಸುವುದು ಅಪರಾಧವೆಂದು ತಾಣಗಳೇ ಎಚ್ಚರಿಸುತ್ತವೆ. ಆದುದರಿಂದ ಅಲ್ಲಿ ಕಂಡ ಚಿತ್ರವನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕುವುದು, ಆ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು ಬೇಡ. ಆ ಮನೆಯಲ್ಲಿ ಹೆಂಡತಿ ಮಕ್ಕಳೂ ಇರಬಹುದು. ಒಮ್ಮೊಮ್ಮೆ ಆ ಅಪರಾಧಕ್ಕೆ ಬಲಿಯಾದವರೇ ಆ ಮನೆಯವರಾಗಿರುತ್ತಾರೆ.

ಹಾಗೆಂದು ಹೇಳುವಾಗ, ಈ ವಿಷಯದ ನಡುಗಂಬವೇ ಆಗಿರುವ ಒಂದು ಅಂಕಿಯನ್ನು ಮರೆಯುವಂತಿಲ್ಲ. ಅಮೆರಿಕದ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗವು 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪೊಲೀಸರಿಗೆ ವರದಿಯಾದ ಪ್ರಕರಣಗಳಲ್ಲಿ 18 ವರ್ಷದೊಳಗಿನ ಸಂತ್ರಸ್ತರ ಪೈಕಿ ನೂರಕ್ಕೆ 93 ಮಂದಿಗೆ ಅಪರಾಧಿಯು ಪರಿಚಿತನೇ ಆಗಿದ್ದನು. ಅವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರಿಗೆ ಸ್ವಂತ ಕುಟುಂಬದವನೇ ಆಗಿದ್ದನು. ಚಿಕ್ಕಪ್ಪ, ಮಾವ, ಪಾಠ ಹೇಳುವವನು, ಆಟ ಕಲಿಸುವವನು, ಮನೆಗೆ ಬಂದುಹೋಗುವ ಗೆಳೆಯ: ಇವರಲ್ಲಿ ತಪ್ಪೆಸಗಿದವನ ಹೆಸರು ಪಟ್ಟಿಯಲ್ಲಿರುವುದು ಎಂದಾದರೂ ಅವನ ಮೇಲೆ ದೂರು ಬಂದು, ವಿಚಾರಣೆ ನಡೆದು, ತೀರ್ಪು ಬಂದಿದ್ದರೆ ಮಾತ್ರ. ಇಂತಹವರ ಮೇಲೆ ದೂರು ಕೊಡುವುದೇ ಕುಟುಂಬಗಳಿಗೆ ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು.

ಜೇಕಬ್ ವೆಟರ್ಲಿಂಗ್ ಎಂಬ ಬಾಲಕನ ಕಥೆಯನ್ನು ಇಲ್ಲಿ ಹೇಳಲೇಬೇಕು. 1989ರ ಅಕ್ಟೋಬರ್ 22ರ ರಾತ್ರಿ ಮಿನೆಸೋಟಾದ ಸೇಂಟ್ ಜೋಸೆಫ್ ಎಂಬ ಸಣ್ಣ ಊರಿನಲ್ಲಿ, ತಮ್ಮನೊಡನೆ ಮತ್ತು ಗೆಳೆಯನೊಡನೆ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದ ಹನ್ನೊಂದು ವರ್ಷದ ಜೇಕಬ್‌ನನ್ನು ಮುಖವಾಡ ಧರಿಸಿದ್ದವನೊಬ್ಬನು ಬಂದೂಕು ತೋರಿಸಿ ಎತ್ತಿಕೊಂಡು ಹೋದನು. ಆ ತಾಯಿ ಪ್ಯಾಟಿ ವೆಟರ್ಲಿಂಗ್ ನಡೆಸಿದ ಹೋರಾಟದಿಂದಲೇ ಎಲ್ಲ ರಾಜ್ಯಗಳೂ ಇಂತಹ ನೋಂದಣಿಯನ್ನು ಇಡಬೇಕೆಂಬ 1994ರ ಕೇಂದ್ರ ಕಾನೂನು ಬಂದದ್ದು. ಅದಕ್ಕೆ ಅವಳ ಮಗನ ಹೆಸರೇ ಇದೆ. ಅಪರಾಧಿಯು 2016ರಲ್ಲಿ ತಪ್ಪೊಪ್ಪಿಕೊಂಡು ಮಗುವಿನ ಅವಶೇಷಗಳಿದ್ದ ಜಾಗವನ್ನು ತೋರಿಸಿದನು. ಅವನು ಆ ಸುತ್ತಿನವನೇ. ಪೊಲೀಸರು ಆಗಲೇ ಅವನನ್ನು ವಿಚಾರಿಸಿಯೂ ಇದ್ದರು. ಆದರೆ ಅಪಹರಣದ ಹೊತ್ತಿಗೆ ಅವನ ಮೇಲೆ ಲೈಂಗಿಕ ಅಪರಾಧದ ಒಂದೂ ತೀರ್ಪು ಇರಲಿಲ್ಲ. ಅಂದು ಪಟ್ಟಿ ಇದ್ದಿದ್ದರೂ ಅವನ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಪ್ಯಾಟಿ ವೆಟರ್ಲಿಂಗ್ ಅವರೇ ಮುಂದೆ, ಈ ಕಾನೂನುಗಳು ಮೂಲ ಉದ್ದೇಶವನ್ನು ಮೀರಿ ಬೆಳೆದಿವೆಯೆಂದೂ, ಕಿರಿಯ ವಯಸ್ಸಿನ ಹುಡುಗರನ್ನು ಇದರೊಳಗೆ ತರುವ ಬಗ್ಗೆ ಮರುಚಿಂತನೆ ಬೇಕೆಂದೂ ಬಹಿರಂಗವಾಗಿ ಹೇಳಿದ್ದಾರೆ.

ನಮ್ಮ ದೇಶದಲ್ಲಿಯೂ ಇಂತಹ ದತ್ತಾಂಶವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಕೇಂದ್ರ ಗೃಹ ಸಚಿವಾಲಯವು 2018ರ ಸೆಪ್ಟೆಂಬರ್ 20ರಂದು ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವನ್ನು ಆರಂಭಿಸಿತು. ಆರಂಭದಲ್ಲೇ ಅದರಲ್ಲಿ 4.4 ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದವು. ಅದು ಪೊಲೀಸರಿಗೆ ಮತ್ತು ತನಿಖಾ ಸಂಸ್ಥೆಗಳಿಗೆ ಮಾತ್ರ ತೆರೆದಿದೆ. ನಾನಾಗಲಿ ನೀವಾಗಲಿ ಅದರಲ್ಲಿ ಹುಡುಕುವಂತಿಲ್ಲ. ಅಮೆರಿಕದಂತೆ ಇದನ್ನೂ ತೆರೆದಿಡಬೇಕೆಂಬ ಕೂಗು ಪ್ರತಿಯೊಂದು ಭೀಕರ ಪ್ರಕರಣದ ನಂತರ ಏಳುತ್ತದೆ. ಗುಂಪುಗೂಡಿ ಹೊಡೆಯುವುದು ಇಷ್ಟು ಸುಲಭವಾಗಿರುವ, ಬಾಡಿಗೆ ಮನೆಗೆ ಜಾತಿ ಕೇಳುವ ನಮ್ಮಲ್ಲಿ ಅದರ ಪರಿಣಾಮವನ್ನು ನೆನೆದರೆ ನನಗೆ ಹಿಂಜರಿಕೆಯಾಗುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆ ನಡುದಾರಿಯೊಂದನ್ನು ಹುಡುಕಿದ್ದಾರೆ. ಅಲ್ಲಿ ಪಟ್ಟಿ ಬಹಿರಂಗವಲ್ಲ. ಆದರೆ ಮಗುವಿನೊಡನೆ ಒಡನಾಡುವ ನಿರ್ದಿಷ್ಟ ವ್ಯಕ್ತಿಯೊಬ್ಬನ ಬಗ್ಗೆ ಪೋಷಕರು ಪೊಲೀಸರಲ್ಲಿ ಅರ್ಜಿ ಸಲ್ಲಿಸಬಹುದು, ಅಪಾಯವಿದೆಯೆಂದು ಕಂಡರೆ ಪೊಲೀಸರು ಗೋಪ್ಯವಾಗಿ ತಿಳಿಸುತ್ತಾರೆ. ಇಂತಹ ಹಕ್ಕು ಇಲ್ಲಿಯೂ ಬರಬೇಕೆಂಬುದು ನನ್ನ ಅಭಿಪ್ರಾಯ.

ಅದು ಬರುವವರೆಗೂ ಕೈಯಲ್ಲಿರುವ ನಿಯಮವೊಂದನ್ನು ಬಳಸಬಹುದು. 2020ರ ಪೋಕ್ಸೋ ನಿಯಮಗಳ ಪ್ರಕಾರ ಶಾಲೆ, ಶಿಶುವಿಹಾರ, ಕ್ರೀಡಾ ತರಬೇತಿ ಕೇಂದ್ರ ಹೀಗೆ ಮಕ್ಕಳೊಡನೆ ನಿತ್ಯ ಸಂಪರ್ಕವಿರುವ ಎಲ್ಲ ಸಂಸ್ಥೆಗಳು ತಮ್ಮ ಪ್ರತಿಯೊಬ್ಬ ನೌಕರನ, ಗುತ್ತಿಗೆಯವನೂ ಸೇರಿದಂತೆ, ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು. ಮುಂದಿನ ಪೋಷಕರ ಸಭೆಯಲ್ಲಿ ಆ ಪರಿಶೀಲನೆ ಕೊನೆಯ ಬಾರಿಗೆ ಯಾವ ತಿಂಗಳು ಆಯಿತು, ವಾಹನ ಚಾಲಕರದೂ ಸಹಾಯಕರದೂ ಆಗಿದೆಯೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಮಗುವಿನ ಮೇಲೆ ಇಂತಹದೇನಾದರೂ ನಡೆದಿದೆಯೆಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ನಮಸ್ಕಾರ.