ಎಲೆ ತೂತಾದರೆ ಗಾಬರಿ ಬೇಡ
(ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಮುಂದೆ ಆಡಿದ ಮಾತಿನ ಬರಹರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನರ ಹಾಗೆ ನನ್ನದೂ 30×40ರ ಸೈಟು. ಮನೆ, ಸಂಪು, ಕಾರು ನಿಲ್ಲೋ ಜಾಗ ಎಲ್ಲಾ ಕಳೆದು ಮುಂದೆ ಉಳಿದದ್ದು 8 ಅಡಿ ಅಗಲ, 15 ಅಡಿ ಉದ್ದ. ಅದಕ್ಕೂ ಟೈಲ್ಸ್ ಹಾಕಿಸಿದೆ, ತೊಳೆಯೋಕೆ ಸುಲಭ ಅಂತ. ಮೂಲೆಯಲ್ಲೊಂದು ಕುಂಡ, ಅದರಲ್ಲಿ ಕರಿಬೇವು. ಅಷ್ಟೇ ನಮ್ಮ ತೋಟ.

ಒಂದು ದಿನ ಆ ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಕಾಣಿಸಿತು. ಒರೆಸೋಕೆ ಹೋದರೆ, ಹಿಕ್ಕೆ ನಡೆಯಿತು! ಹುಳ. ಮರುದಿನವೇ ಬೇವಿನೆಣ್ಣೆ ಹೊಡೆದು ಗಿಡ 'ಉಳಿಸಿಕೊಂಡೆ'. ನಾನು ಕೊಂದದ್ದು ನಿಂಬೆ ಚಿಟ್ಟೆಯ ಮರಿಗಳನ್ನು ಅಂತ ಗೊತ್ತಾದದ್ದು ಆಮೇಲೆ. ಚಿಕ್ಕದಿರುವಾಗ ಹಕ್ಕಿ ತಿನ್ನದಿರಲಿ ಅಂತ ಹಿಕ್ಕೆಯ ವೇಷ. ಬಲಿತ ಮೇಲೆ ಎಲೆಹಸಿರು ಬಣ್ಣ. ಆಗ ಕೆಣಕಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ.

ಚಿಟ್ಟೆ ಬರಲಿ ಅಂತ ನಾವು ಹೂವಿನ ಗಿಡ ತರುತ್ತೇವೆ. ಹೂವಿಗೆ ಬಂದ ಚಿಟ್ಟೆ ಮಕರಂದ ಕುಡಿದು ಹೊರಟುಹೋಗುವ ನೆಂಟ. ಅದು ನಮ್ಮಲ್ಲೇ ಹುಟ್ಟಬೇಕು ಅಂದರೆ ಮರಿ ತಿನ್ನುವ ಎಲೆ ಬೇಕು. ಸಿಕ್ಕಿದ ಎಲೆ ಅದಕ್ಕೆ ಆಗೋದಿಲ್ಲ. ನಿಂಬೆ ಚಿಟ್ಟೆಗೆ ಕರಿಬೇವು, ನಿಂಬೆಯ ಕುಲದ್ದೇ ಎಲೆ ಬೇಕು. ಎಕ್ಕದ ಗಿಡವಿದ್ದರೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆಯಿಡುತ್ತದೆ. ತಂಗಡಿಗೆ ತಿಳಿಹಳದಿಯ ಎಮಿಗ್ರಂಟ್. ಕಾಡುಬಸಳೆಯ ದಪ್ಪ ಎಲೆಯೊಳಗೇ ಹೊಕ್ಕು ತಿರುಳು ತಿನ್ನುವುದು ರೆಡ್ ಪಿಯರೋ ಚಿಟ್ಟೆಯ ಮರಿ. ಕಾಂಪೌಂಡಿಗೆ ಈಶ್ವರಿ ಬಳ್ಳಿ ಹಬ್ಬಿಸಿದರೆ ಕ್ರಿಮ್ಸನ್ ರೋಸ್ ಬರಬಹುದು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೂ ಅದೇ ಬಳ್ಳಿ ಆಹಾರ. ಆದರೆ ಅದು ಪಶ್ಚಿಮ ಘಟ್ಟದ ಕಡೆಯದು, ಇಲ್ಲಿ ಕಾದು ಕೂರಬೇಡಿ. ದೇವರಿಗೆಂದು ಬೆಳೆಸುವ ನಂದಿಬಟ್ಟಲಿನ ಎಲೆಯೂ ಒಂದು ದೊಡ್ಡ ಹಸಿರು ಪತಂಗದ ಮರಿಗೆ ಊಟ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಈಶ್ವರಿ ಬಳ್ಳಿಯನ್ನೂ ಬಾಯಿಗೆ ಹಾಕಬಾರದು.

ಮುಂದಂಗಳವನ್ನು ನಾನು ಬದಲಿಸಿದ್ದು ಹೀಗೆ. ಬಾಗಿಲಿಗೆ ಹೋಗುವ ದಾರಿ ಬಿಟ್ಟು, ಕಾಂಪೌಂಡ್ ಉದ್ದಕ್ಕೂ ಎರಡೂವರೆ ಅಡಿ ಟೈಲ್ಸ್ ಕೀಳಿಸಿದೆ. ಕೆಳಗೆ ಮಣ್ಣಿರಲಿಲ್ಲ, ಮನೆ ಕಟ್ಟಿದ ಡೆಬ್ರಿ! ಒಂದೂವರೆ ಅಡಿ ತೆಗೆಸಿ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿಸಿದೆ. ಗಿಡಕ್ಕಿಂತ ಇದಕ್ಕೇ ಹೆಚ್ಚು ದುಡ್ಡು ಹೋಯಿತು, ಮೊದಲೇ ಹೇಳಿಬಿಡುತ್ತೇನೆ. ಗೋಡೆ ಬದಿಗೆ ಎತ್ತರದ ಪಾರಿಜಾತ, ಕರಿಬೇವು, ನಡುವೆ ದಾಸವಾಳ, ಕೇಪಳ, ಅಂಚಿಗೆ ಕನಕಾಂಬರ, ತುಳಸಿ. ದಾಸವಾಳ ಒಂಟಿ ಎಸಳಿನದೇ ಇರಲಿ. ಮುದ್ದೆ ಹೂವಿನಲ್ಲಿ ಸೂರಕ್ಕಿಗೆ ಕೊಕ್ಕು ಹಾಕಲು ದಾರಿ ಸಿಗುವುದು ಕಷ್ಟ. ತುಳಸಿ ಹೂವಿಗೆ ಬರುವ ನೀಲಿ ಪಟ್ಟೆಯ ಜೇನು ಗೂಡು ಕಟ್ಟುವುದು ಮಣ್ಣಿನಲ್ಲಿ. ಆದ್ದರಿಂದ ಒಂದಡಿ ಜಾಗ ಏನೂ ನೆಡದೆ ಬರಿ ಮಣ್ಣು ಬಿಟ್ಟಿದ್ದೇನೆ. ನೋಡಿದವರು ಇಲ್ಲೇನು ಗಿಡ ಸತ್ತಿತಾ ಅಂತ ಕೇಳುತ್ತಾರೆ.

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಈ ಊರಿನ ರಸ್ತೆಗಳಿಗೆ ಮರ ಆರಿಸಿದರು. ಅದೇ ಲೆಕ್ಕವನ್ನು ಎರಡೂವರೆ ಅಡಿಯಲ್ಲೂ ಹಾಕಬಹುದು. ದಾಸವಾಳ, ಕೇಪಳ ಹೆಚ್ಚುಕಡಿಮೆ ವರ್ಷವಿಡೀ. ಮಳೆಗಾಲ ಹಿಂಜರಿಯುವಾಗ ಪಾರಿಜಾತ. ಚಳಿಗೆ ಡಿಸೆಂಬರ್ ಹೂ ಅಂತೀವಲ್ಲ, ಆ ಸ್ಫಟಿಕ.

ನೀರು. ಅಗಲವಾದ ಮಣ್ಣಿನ ತಟ್ಟೆ, ಒಂದೆರಡು ಇಂಚು ಆಳ, ಜೇನು ಮುಳುಗದಂತೆ ನಡುವೆ ಕಲ್ಲು. ಎರಡು ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ ತೊಳೆದು ತುಂಬಿ. ಸೊಳ್ಳೆಮರಿ ರೆಕ್ಕೆ ಬಲಿಯಲು ಸಾಮಾನ್ಯವಾಗಿ ವಾರವಾದರೂ ಬೇಕು, ಅಷ್ಟು ಸಮಯ ಕೊಡಬೇಡಿ.

ಇನ್ನು ಕಸದ ವಿಷಯ, ನಮ್ಮನೆಯಲ್ಲಿ ಜಗಳ ನಡೆದದ್ದೇ ಇದಕ್ಕೆ. ಬೆಳಿಗ್ಗೆ ಎದ್ದು ಗುಡಿಸಿ, ರಂಗೋಲಿ ಹಾಕುವ ಮನೆ. ತರಗೆಲೆ ಬಿಡು ಅಂದರೆ ಅಮ್ಮ ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು: ಬಾಗಿಲ ಮುಂದೆ ಅಮ್ಮನ ಪೊರಕೆ, ಗಿಡದ ಬುಡಕ್ಕೆ ನನ್ನ ತರಗೆಲೆ. ಈಗ ಮಡಿವಾಳ ಹಕ್ಕಿ ಬಂದು ಆ ಎಲೆಗಳನ್ನು ಕೆದಕುವುದನ್ನು ಮೊದಲು ನೋಡಿ ಕೂಗುವವರು ಅಮ್ಮನೇ.

ಮೆಕ್ಸಿಕನ್ ಲಾನ್, ಅಂದರೆ ಒತ್ತಾಗಿ ಬೆಳೆಯುವ ಹುಲ್ಲುಹಾಸು, ಹಾಕಿಸಬಹುದಾ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನನಗೆ ಇಷ್ಟವಿಲ್ಲ; ಅಷ್ಟು ನೀರು ಕುಡಿದು ಒಂದು ದುಂಬಿಗೂ ಊಟ ಹಾಕೋದಿಲ್ಲ. ಇನ್ನು ಪ್ಲಾಸ್ಟಿಕ್ ಹುಲ್ಲಿನ ಮಾತು ಎತ್ತಲೇಬೇಡಿ.

ಬಾಗಿಲ ಹತ್ತಿರ ಕರಿಬೇವಿನ ಸಸಿ ಇಟ್ಟಿದ್ದೇನೆ, ಹೋಗುವಾಗ ಮನೆಗೊಂದು ತೆಗೆದುಕೊಳ್ಳಿ. ಯಾವುದಕ್ಕೂ ಔಷಧಿ ಹೊಡೆದಿಲ್ಲ. ಎರಡು ಸಸಿಗಳಲ್ಲಿ ಎಲೆ ಮೇಲೆ ಹಿಕ್ಕೆ ಥರ ಏನೋ ಅಂಟಿಕೊಂಡಿದೆ. ನಿಮ್ಮ ಪಾಲಿಗೆ ಅದೇ ಬಂದರೆ ದಯವಿಟ್ಟು ಒರೆಸಬೇಡಿ.