ಜೋಕಾಲಿ ತಾನಾಗೇ ಯಾಕ ನಿಲ್ಲತೈತಿ? ಗೋಕಾಕ ಫಾಲ್ಸಿನ ನೀರು ಬಿದ್ದ ಮ್ಯಾಲ ಬಿಸಿ ಆಗತೈತೇನು?

[ಸ್ಕ್ರೀನ್ ಮ್ಯಾಲ: ಬೇವಿನ ಮರ, ದಪ್ಪ ಹಗ್ಗದ ಜೋಕಾಲಿ, ಒಬ್ಬಾಕಿ ಹುಡುಗಿ ನಿಂತು ಜೀಕಾಕತ್ತಾಳ]

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತಿನ ವಿಡಿಯೋ ಏಳು, ಎಂಟು, ಒಂಬತ್ತನೇ ಕ್ಲಾಸಿನ ಹುಡುಗೂರಿಗೆ, ಜೋಡಿಗೆ ಅವರ ಅವ್ವ ಅಪ್ಪ ಕುಂತು ನೋಡಿದ್ರೂ ಭಾಳ ಚಲೋ. ವಿಷಯ ಏನಂದ್ರ ಚಲನ ಶಕ್ತಿ ಮತ್ತ ಪ್ರಚ್ಛನ್ನ ಶಕ್ತಿ, ಅಂದ್ರ ಓಡೋ ವಸ್ತುವಿನ್ಯಾಗ ಇರೋ ಕೈನೆಟಿಕ್ ಎನರ್ಜಿ, ಎತ್ತರದಿಂದ ಬರೋ ಪೊಟೆನ್ಶಿಯಲ್ ಎನರ್ಜಿ. ಸೂತ್ರ ಎಲ್ಲಾರಿಗೂ ಬಾಯಿಪಾಠ ಐತಿ, ಎಂ ಜಿ ಎಚ್ (ತೂಕ ಗುಣಿಸು ಗುರುತ್ವದ 9.8 ಗುಣಿಸು ಎತ್ತರ) ಅಂದ್ರ ಥಟ್ಟನೆ ಹೇಳ್ತಾರ, ಆದ್ರ "ಶಕ್ತಿ ನಾಶ ಆಗೂದಿಲ್ಲ ಅಂತೀರಿ, ಹಂಗಿದ್ರ ಜೋಕಾಲಿ ಯಾಕ ನಿಲ್ಲತೈತಿ ಸರ್" ಅಂತ ಕೇಳೋ ಹುಡುಗೂರು ಕಡಿಮಿ, ಮತ್ತ ಖರೇ ಹೇಳಬೇಕಂದ್ರ ಇಡೀ ಪಾಠದಾಗ ಅದ ಎಲ್ಲಾಕ್ಕಿಂತ ಒಳ್ಳೆ ಪ್ರಶ್ನೆ. ಇವತ್ತು ಅದನ್ನ ಹಿಡಕೊಂಡ ಹೋಗೂನು.

ನಾಗರ ಪಂಚಮಿಗೆ ನಮ್ಮ ಕಡೆ ಓಣಿ ಓಣಿಗೆ ಜೋಕಾಲಿ ಬೀಳತಾವ. 30 ಕೆಜಿ ತೂಕದ ಒಬ್ಬಾಕಿ ಹುಡುಗಿ ಜೋಕಾಲಿ ಮ್ಯಾಲ ಅದಾಳ ಅಂತ ತಿಳಕೋರಿ, ಜೋಕಾಲಿ ಕೆಳಗ ಇರೋ ಜಾಗಕ್ಕಿಂತ ಒಂದೂವರೆ ಮೀಟರ್ ಮ್ಯಾಲ ಹೋತು. ಅಲ್ಲೆ ತುದೀಗೆ ಒಂದು ಕ್ಷಣ ಜೋಕಾಲಿ ನಿಂತಂಗ ಆಗತೈತಿ ನೋಡ್ರಿ, ಹೊಟ್ಯಾಗ ಜುಮ್ ಅಂತೈತಲ್ಲ, ಆವಾಗ ಸ್ಪೀಡ್ ಸೊನ್ನೆ, ಅಂದ್ರ ಚಲನ ಶಕ್ತಿನೂ ಸೊನ್ನೆ. ಇರೋದೆಲ್ಲಾ ಎತ್ತರದ ಶಕ್ತಿ. ಲೆಕ್ಕ ಹಾಕ್ರಿ, 30 ಗುಣಿಸು 9.8 ಗುಣಿಸು 1.5, ಬಂತು 441 ಜೂಲ್, ಜೂಲ್ ಅಂದ್ರ ಶಕ್ತಿ ಅಳಿಯೋ ಮಾನ.

[ಸ್ಕ್ರೀನ್ ಮ್ಯಾಲ: 30 × 9.8 × 1.5 = 441 ಜೂಲ್]

ಈಗ ಕೆಳಗ ಬರತೈತಿ. ಎತ್ತರ ಕಡಿಮಿ ಆಗಕೋತ ಹೊಂಟಂಗ ಸ್ಪೀಡ್ ಏರಕೋತ ಹೊಕ್ಕೈತಿ, ಪೂರ್ತಿ ಕೆಳಗ ಬಂದಾಗ ಆ 441 ಜೂಲ್ ಎಲ್ಲಾ ಚಲನ ಶಕ್ತಿ ಆಗಿರತೈತಿ, ಆಗಿನ ಸ್ಪೀಡ್ ಸೆಕೆಂಡಿಗೆ ಸುಮಾರು 5.4 ಮೀಟರ್, ಅಂದ್ರ ತಾಸಿಗೆ 19, 20 ಕಿಲೋಮೀಟರ್, ಸೈಕಲ್ ಜೋರ ತುಳಿದಷ್ಟು.

ಇಲ್ಲೆ ಒಂದ್ ಸ್ವಲ್ಪ ನಿಲ್ರಿ, ಯಾಕಂದ್ರ ಪರೀಕ್ಷೆದಾಗ ಭಾಳ ಮಂದಿ ಇಲ್ಲೇ ಬೀಳತಾರ. ಅರ್ಧ ಎತ್ತರದಾಗ, ಅಂದ್ರ 75 ಸೆಂಟಿಮೀಟರಿಗೆ ಬಂದಾಗ, ಶಕ್ತಿ ಎರಡೂ ಕಡೆ ಸಮ ಸಮ, 220 ಇತ್ತ 220 ಅತ್ತ. ಹಂಗಾರ ಸ್ಪೀಡೂ ಅರ್ಧ ಇರಬೇಕಲ್ಲ? ಇಲ್ರಿ. ಅರ್ಧ ಅಂದ್ರ 2.7 ಇರಬೇಕಾಗಿತ್ತು, ಆದ್ರ ಇರೋದು 3.8. ಯಾಕಂದ್ರ ಚಲನ ಶಕ್ತಿ ಸೂತ್ರದಾಗ (ಅರ್ಧ ಗುಣಿಸು ತೂಕ ಗುಣಿಸು ವೇಗದ ವರ್ಗ) ವೇಗದ ವರ್ಗ ಐತಿ, ಬರೇ ವೇಗ ಅಲ್ಲ. ಈ ವರ್ಗದ ಮಾತು ಕೊನೀಗೆ ಮತ್ತ ಬರತೈತಿ, ನೆನಪ ಇಟಗೋರಿ.

ಇನ್ನೊಂದು ಮಾತು, ಅದೇ ಎತ್ತರಕ್ಕ 60 ಕೆಜಿ ಕಾಕಾ ಕುಂತ್ರ ಶಕ್ತಿ ಡಬಲ್, 882 ಜೂಲ್, ಆದ್ರ ಕೆಳಗ ಬಂದಾಗ ಸ್ಪೀಡ್ ಅಷ್ಟೇ, ಅದೇ 5.4. ತೂಕ ಎರಡೂ ಸೂತ್ರದಾಗ ಐತಿ, ಹಂಗಾಗಿ ಅದು ಹೊಡದ ಹೊಕ್ಕೈತಿ.

ಸರಿ, ಈಗ ಅಸಲಿ ಪ್ರಶ್ನೆ. ಪುಸ್ತಕದ ಚಿತ್ರದಾಗ ಲೋಲಕ, ಅಂದ್ರ ದಾರಕ್ಕ ಕಟ್ಟಿ ತೂಗಬಿಟ್ಟ ಗುಂಡು, ಅತ್ತ ಇತ್ತ ಹೋಗಕೋತ ಇರತೈತಿ, ಒಂದೊಂದು ಸಾರಿನೂ ಅಷ್ಟೇ ಎತ್ತರಕ್ಕ. ನಮ್ಮ ಜೋಕಾಲಿ ಹಂಗ ಮಾಡೂದಿಲ್ಲ, ನೀವು ಜೀಕೂದು ಬಿಟ್ರ ಸ್ವಲ್ಪ ಹೊತ್ತಿನ್ಯಾಗ ಸೊರಗಕೋತ ಬಂದು ನಿಂತ ಬಿಡತೈತಿ. ಆ 441 ಜೂಲ್ ಎಲ್ಲಿ ಹೋತು? ಜೋಕಾಲಿ ಹೊಂಟಾಗ ಕಿವಿ ಕೊಟ್ಟು ಕೇಳ್ರಿ, ಹಗ್ಗ ಟೊಂಗಿ ಮ್ಯಾಲ ಕಿರ್ರ್ ಕಿರ್ರ್ ಅಂತ ತಿಕ್ಕತೈತಿ. ಆ ಸಪ್ಪಳ ಅನ್ನೋದು ಒಂದು ಶಕ್ತಿ. ತಿಕ್ಕಿದ ಜಾಗದಾಗ ಹಗ್ಗ, ತೊಗಟಿ ಸ್ವಲ್ಪ ಬೆಚ್ಚಗ ಆಗತಾವ, ಅದೂ ಶಕ್ತಿ. ಮಾರಿಗೆ ಗಾಳಿ ಬಡಿತೈತಲ್ಲ, ಆ ಗಾಳಿನ್ನ ದೂಡಾಕ ಶಕ್ತಿ ಬೇಕು, ದೂಡಿದ ಗಾಳಿನೂ ಒಂದು ಕೂದಲೆಳಿಯಷ್ಟು ಬೆಚ್ಚಗ ಆಗತೈತಿ. ಎಲ್ಲಾ ಕೂಡಿಸಿದ್ರ ಸರಿಯಾಗಿ 441 ಬರತೈತಿ. ಆದ್ರ ಹಿಂಗ ನಾಕ ದಿಕ್ಕಿಗೆ ಚೆಲ್ಲಿದ ಶಾಖಾ ಬಳಕೊಂಡ ಬಂದು ಜೋಕಾಲಿ ಮತ್ತ ತೂಗಾಕ ಆಗೂದಿಲ್ಲ, ಅದಕ್ಕ ನಮ್ಮ ಕಣ್ಣಿಗೆ "ಹೋತು" ಅನಸತೈತಿ.

ಹಂಗಾರ ಜೀಕಿದಾಗ ಎತ್ತರ ಹೆಂಗ ಏರತೈತಿ? ಪಂಚಮಿಗೆ ನಿಂತು ಜೀಕೋ ಹೆಣ್ಣಮಕ್ಕಳ ಕಾಲ ನೋಡ್ರಿ. ಜೋಕಾಲಿ ತುದೀಗೆ ಹೋದಾಗ ಮಣಕಾಲ ಮಡಚಿ ಕುಕ್ಕರಗಾಲಿಲೆ ಕೂಡತಾರ, ಕೆಳಗ ಜೋರಾಗಿ ಬಂದಾಗ ಎದ್ದ ನಿಲ್ಲತಾರ. ಕೆಳಗ ಇದ್ದಾಗ ಏಳೂದು ಭಾಳ ಬಿರಿ, ಯಾಕಂದ್ರ ಆವಾಗ ಮೈ ಭಾರ ಆದಂಗ ಇರತೈತಿ, ಆ ಭಾರದ ವಿರುದ್ಧ ಕಾಲು ಕೆಲಸ ಮಾಡತಾವ, ಆ ಕೆಲಸನ ಜೋಕಾಲಿಗೆ ಶಕ್ತಿ ಆಗಿ ಸೇರತೈತಿ. ತುದೀಗೆ ಕೂಡುವಾಗ ಭಾರ ಕಡಿಮಿ ಇರೋದಕ್ಕ ಅಲ್ಲಿ ವಾಪಸ್ ಹೋಗೋದು ಸ್ವಲ್ಪ, ಕೆಳಗ ಸೇರಿದ್ದು ಜಾಸ್ತಿ. ಸ್ನಾಯುವಿಗೆ ಆ ಶಕ್ತಿ ಎಲ್ಲಿಂದ ಬಂತು ಅಂದ್ರ ಹಬ್ಬಕ್ಕ ತಿಂದ ಶೇಂಗಾ ಉಂಡಿಯಿಂದ, ಶೇಂಗಾಕ್ಕ ಬಿಸಿಲಿನಿಂದ. ಯಾರೂ ಪುಸ್ತಕ ಓದಿ ಇದನ್ನ ಕಲ್ತಿಲ್ಲ ನೋಡ್ರಿ, ನಮ್ಮ ಅಜ್ಜಿಗೋಳ ಕಾಲಿಗೆ ಈ ಫಿಸಿಕ್ಸ್ ಮೊದಲಿಂದಾನೂ ಗೊತ್ತಿತ್ತು!

[ಸ್ಕ್ರೀನ್ ಮ್ಯಾಲ: ಮಳಿಗಾಲದ ಗೋಕಾಕ ಫಾಲ್ಸ್, ಕೆಂಪ ನೀರು, ತೂಗುಸೇತುವೆ]

ಈಗ ಗೋಕಾಕ ಫಾಲ್ಸಿಗೆ ಹೋಗೂನು. ಘಟಪ್ರಭಾ ಇಲ್ಲೆ ಸುಮಾರು 52 ಮೀಟರ್, ಅಂದ್ರ 170 ಫೂಟ್ ಕೆಳಗ ಬೀಳತಾಳ. ಗಾಳಿ ಇರಲಿಲ್ಲಂದ್ರ ಒಂದು ಹನಿ ತಳಕ್ಕ ಮುಟ್ಟೂವಾಗ ಸೆಕೆಂಡಿಗೆ 32 ಮೀಟರ್ ಸ್ಪೀಡಿನ್ಯಾಗ ಇರತಿತ್ತು, ತಾಸಿಗೆ 115 ಕಿಲೋಮೀಟರ್. ಖರೇ ಅಂದ್ರ ನೀರು ನಡುವ ಒಡದು ತುಂತುರಾಗಿ ಗಾಳಿಗೆ ತಡಿತೈತಿ, ಅಷ್ಟು ಬರೂದಿಲ್ಲ. ಆದ್ರ ಬಿದ್ದ ಮ್ಯಾಲ ಏನು? ತಳದಾಗ ನೀರು ಗಿರ್ರನ ಸುತ್ತಿ, ನೊರಿ ಎಬ್ಬಿಸಿ, ಆಮ್ಯಾಲ ತಣ್ಣಗ ಮುಂದಕ ಹರಿತೈತಿ. ಎತ್ತರನೂ ಹೋತು, ಸ್ಪೀಡೂ ಹೋತು. ಉಳದದ್ದು ಒಂದ, ಶಾಖ. ಅಷ್ಟೂ ಶಕ್ತಿ ನೀರಿನ್ಯಾಗ ಉಳೀತು ಅಂತ ಲೆಕ್ಕ ಹಿಡದ್ರ 52 ಮೀಟರ್ ಬಿದ್ದ ನೀರು ಬರೇ 0.12 ಡಿಗ್ರಿ ಬಿಸಿ ಆಗತೈತಿ. ಕೈ ಇಟ್ರ ಗೊತ್ತಾಗೂದ ಇಲ್ಲ.

ಇಷ್ಟು ಸಣ್ಣ ಬಿಸಿ ಅಳಿಯಾಕ ಹಟ ಹಿಡದ ಮನುಷ್ಯಾ ಜೇಮ್ಸ್ ಪ್ರೆಸ್ಕಾಟ್ ಜೂಲ್, ಇಂಗ್ಲೆಂಡಿನ ಸಾಲ್ಫರ್ಡ್‌ದಾಗ 1818ಕ್ಕ ಹುಟ್ಟಿದಾವ, ಮನಿತನದ ಧಂದೆ ಬಿಯರ್ ತಯಾರ ಮಾಡೂದು. 1840ರ ದಶಕದಾಗ ಅವ ಏನು ಮಾಡಿದಾ ಅಂದ್ರ, ನೀರು ತುಂಬಿದ ಪಾತ್ರೆದಾಗ ರೆಕ್ಕಿ ಇಟ್ಟು, ಅದಕ್ಕ ದಾರ ಸುತ್ತಿ, ದಾರದ ತುದೀಗೆ ಭಾರ ಕಟ್ಟಿ ಬಿಟ್ಟಾ. ಭಾರ ಇಳಿದಂಗ ರೆಕ್ಕಿ ತಿರಗತೈತಿ, ನೀರು ಕಲಕತೈತಿ, ಥರ್ಮಾಮೀಟರ್ ಒಂದ ಕೂದಲಷ್ಟು ಏರತೈತಿ. ಮತ್ತ ಎತ್ತೂದು, ಮತ್ತ ಬಿಡೂದು, ಮತ್ತ ಅಳಿಯೂದು. ಇಷ್ಟು ಎತ್ತರ ಇಳದ್ರ ಇಷ್ಟ ಶಾಖ ಅಂತ ಕಡೀಗೆ ಸಾಧಿಸೇ ಬಿಟ್ಟಾ. ನಾವು ದಿನಾ ಬರಿಯೋ ಜೂಲ್ ಅನ್ನೋದು ಅವನ ಹೆಸರು.

ಆದ್ರ ನೀರು ಸುಮ್ಮ ಬಿದ್ದು ಬಿಸಿ ಆಗೋ ಬದಲಿ ನಡುವ ಒಂದು ಟರ್ಬೈನ್, ಅಂದ್ರ ನೀರಿನ ಬಲಕ್ಕ ತಿರಗೋ ಚಕ್ರ, ಇಟ್ರ? ಗೋಕಾಕದಾಗ 19ನೇ ಶತಮಾನದ ಕೊನೀಗೇ ಈ ನೀರಿನ ಬಲದಿಂದ ನೂಲಿನ ಮಿಲ್ ನಡಿಸಿದ್ರು. ಒಂದು ಯೂನಿಟ್ ಕರೆಂಟ್ ಅಂದ್ರ 36 ಲಕ್ಷ ಜೂಲ್. ಅಷ್ಟಕ್ಕ 52 ಮೀಟರ್ ಮ್ಯಾಲಿಂದ ಎಷ್ಟು ನೀರು ಬೀಳಬೇಕು ಗೊತ್ತೇನು? ಒಂದು ಹನಿನೂ ವೇಸ್ಟ್ ಆಗಲಿಲ್ಲ ಅಂದ್ರೂ 7000 ಲೀಟರ್! ಅಷ್ಟು ನೀರು ಬಿದ್ರ ಮನ್ಯಾಗಿನ 75 ವ್ಯಾಟ್ ಫ್ಯಾನ್ 13 ತಾಸು ತಿರಗತೈತಿ. ಕರೆಂಟ್ ಬಿಲ್ಲಿನ್ಯಾಗ ಯೂನಿಟ್ ನೋಡಿದಾಗೆಲ್ಲಾ ನನಗ ಈ ನೀರ ಕಣ್ಮುಂದ ಬರತೈತಿ.

[ಸ್ಕ್ರೀನ್ ಮ್ಯಾಲ: ಆಲಮಟ್ಟಿ ಡ್ಯಾಮ್, ಗೇಟ್ ತೆಗೆದದ್ದು]

ಆಲಮಟ್ಟಿ ಪವರ್ ಹೌಸ್ 290 ಮೆಗಾವ್ಯಾಟಿಂದು, 55ರ ಐದು ಮಷಿನ್, 15ರದು ಒಂದು. ಮಳಿಗಾಲದಾಗ ಟಿವಿಯೊಳಗ ದಿನಾ ಹೇಳ್ತಾರ, ಆಲಮಟ್ಟಿ ಪೂರ್ಣ ಮಟ್ಟ 519.60 ಮೀಟರ್ ಅಂತ. ಈ ನಂಬರ್ ತಗೊಂಡು ಸೂತ್ರದಾಗ ಎಚ್ ಜಾಗಕ್ಕ ಹಾಕಬ್ಯಾಡ್ರಿ! ಅದು ಸಮುದ್ರ ಮಟ್ಟದಿಂದ ಲೆಕ್ಕ. ಟರ್ಬೈನಿಗೆ ಸಿಗೋ ಎತ್ತರ ಅಂದ್ರ ಜಲಾಶಯದ ನೀರಿನ ಮಟ್ಟ ಮತ್ತ ಟರ್ಬೈನ್ ದಾಟಿ ಹೊರಗ ಬಂದ ನೀರಿನ ಮಟ್ಟ, ಇವೆರಡರ ನಡುವಿಂದು ಅಷ್ಟ. ಎತ್ತರ ಅಂದ್ರ ಯಾವಾಗಲೂ "ಎಲ್ಲಿಂದ" ಅಂತ ಕೇಳಬೇಕು. ಮತ್ತ ಈ ನೀರನ್ನ ಅಷ್ಟು ಮ್ಯಾಲ ಎತ್ತಿದವರು ಯಾರು? ಸೂರ್ಯಾ. ಸಮುದ್ರದ ನೀರು ಆವಿ ಮಾಡಿ, ಮೋಡ ಮಾಡಿ, ಮಹಾಬಳೇಶ್ವರದ ಗುಡ್ಡದ ಮ್ಯಾಲ ಸುರದಾನ, ಅಲ್ಲಿಂದ ಕೃಷ್ಣಾ ಇಳಕೊಂಡ ಬಂದಾಳ.

ಕಡೀಕ ಒಂದು ಪ್ರಯೋಗ, ವರ್ಗದ ಮಾತು ಅಂದಿದ್ನೆಲ್ಲ, ಅದಕ್ಕ. 1720ರ ದಶಕದಾಗ ಗ್ರಾವೆಸಾಂಡೆ ಅನ್ನೋ ಡಚ್ ವಿಜ್ಞಾನಿ ಹಿತ್ತಾಳಿ ಗುಂಡುಗಳನ್ನ ಮೆತ್ತನ ಮಣ್ಣಿನ ಮ್ಯಾಲ ಬೀಳಸಿ ನೋಡಿದ್ದಾ, ವೇಗ ಎರಡು ಪಟ್ಟಾದ್ರ ಮಣ್ಣಿನ್ಯಾಗಿನ ಕುಣಿ ನಾಕ ಪಟ್ಟು. ಫ್ರಾನ್ಸಿನ ಎಮಿಲಿ ದು ಶಾತ್ಲೆ ಇದನ್ನ ಹಿಡಕೊಂಡು ವೇಗ ಅಲ್ಲ, ವೇಗದ ವರ್ಗ ಮುಖ್ಯ ಅಂತ ವಾದ ಮಾಡಿದ್ರು. ಬೈಕ್ 30ರ ಬದಲಿ 60ರಾಗ ಇದ್ರ ಬ್ರೇಕ್ ಹಾಕಿದ ಮ್ಯಾಲ ನಾಕ ಪಟ್ಟು ದೂರ ಜಾರೂದು ಇದಕ್ಕ.

ನೀವೂ ಮಾಡ್ರಿ. ಮಣ್ಣೆತ್ತಿನ ಅಮವಾಸಿಗೆ ಎತ್ತು ಮಾಡಿ ಉಳದ ಎರಿಮಣ್ಣು ಇದ್ರ ಸಾಕು, ಚಲೋತ್ನಂಗ ನಾದಿ ತಾಟಿನ್ಯಾಗ ಸಪಾಟ ಹರವ್ರಿ. ಒಂದು ಬೇರಿಂಗ್ ಗುಂಡು ತಗೊಂಡು ಮೊದಲ 25 ಸೆಂಟಿಮೀಟರ್ ಮ್ಯಾಲಿಂದ ಬಿಡ್ರಿ, ಆಮ್ಯಾಲ ಬಾಜೂಕ ಒಂದು ಮೀಟರ್ ಮ್ಯಾಲಿಂದ. ಎತ್ತರ ನಾಕ ಪಟ್ಟಾದ್ರ ವೇಗ ಎರಡ ಪಟ್ಟು. ಸ್ಕೇಲಿನಿಂದ ಆಳ ಅಳಿಯಾಕ ಹೋಗಬ್ಯಾಡ್ರಿ, ಗುಂಡು ಗುಂಡಗಿರೋದಕ್ಕ ಕುಣಿ ಅಗಲನೂ ಆಗತೈತಿ, ತಪ್ಪ ಬರತೈತಿ. ಗುಂಡು ತಗದು ಡ್ರಾಪರಿನಿಂದ ಕುಣಿ ತುಂಬೂವರೆಗೂ ಒಂದೊಂದ ಹನಿ ನೀರು ಹಾಕಿ ಎಣಸ್ರಿ. ಎರಡೂ ಕುಣಿಗೆ ಎಷ್ಟೆಷ್ಟು ಹನಿ ಹಿಡೀತು, ಕಾಮೆಂಟ್‌ದಾಗ ಬರೀರಿ.