ಜಗಳದಲ್ಲಿ ಉಳಿದುಕೊಂಡ ಪುಸ್ತಕಗಳು

ಕೇಳುಗರಿಗೆ ನಮಸ್ಕಾರ.

ಕೊಳದ ದಂಡೆಯಲ್ಲಿ ಕಪ್ಪೆಗಳು ಸಭೆ ಸೇರಿವೆ. ದೇವರು ಏನಿದ್ದರೂ ಮೊದಲು ನಮಗೇ ಹೇಳುವುದು, ಉಳಿದ ಲೋಕವನ್ನೆಲ್ಲ ಬಿಟ್ಟು ಅವನಿಗೆ ನಮ್ಮದೇ ಚಿಂತೆ ಅಂತ ವಟಗುಟ್ಟುತ್ತಿವೆ. ಇದು ಮಕ್ಕಳ ಕಥೆಯಲ್ಲ. ಎರಡನೇ ಶತಮಾನದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಪಂಡಿತ ಯಹೂದಿಗಳನ್ನೂ ಕ್ರೈಸ್ತರನ್ನೂ ಗೇಲಿ ಮಾಡಿದ್ದು ಹೀಗೆ. ಪ್ಲೇಟೋನನ್ನು ಅರೆದು ಕುಡಿದವನು. ಉಣ್ಣೆ ಕೆಲಸದವರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು ಮನೆಯ ಮಕ್ಕಳನ್ನು, ಹೆಂಗಸರನ್ನು ಕೂರಿಸಿಕೊಂಡು ಉಪದೇಶ ಮಾಡುತ್ತಾರೆ, ಅಪ್ಪನೋ ಮೇಷ್ಟ್ರೋ ಬಂದರೆ ಜಾಗ ಖಾಲಿ ಮಾಡುತ್ತಾರೆ ಅಂತಲೂ ಅವನ ದೂರು.

ಅವನ ಪುಸ್ತಕದ ಹೆಸರು ‘ಸತ್ಯವಾದ ಮಾತು’. ಅದರ ಒಂದು ಪ್ರತಿಯೂ ಇವತ್ತು ಎಲ್ಲೂ ಇಲ್ಲ. ಮತ್ತೆ ಈ ಕಪ್ಪೆಗಳ ಸಭೆ ನಮಗೆ ಸಿಕ್ಕಿದ್ದು ಹೇಗೆ? ಅದನ್ನು ಖಂಡಿಸಲು ಕೂತವನಿಂದಲೇ.

ಅವನು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಕ್ರೈಸ್ತ ಪಂಡಿತ ಒರಿಜೆನ್. ಸುಮಾರು 202ರಲ್ಲಿ ಅವನ ತಂದೆಯನ್ನು ಕ್ರೈಸ್ತನೆಂಬ ಕಾರಣಕ್ಕೆ ಕೊಂದರು. ಹದಿನೇಳು ತುಂಬದ ಹುಡುಗ ನಾನೂ ಸಾಯುತ್ತೇನೆ ಅಂತ ಹೊರಟ. ತಾಯಿ ಬೇಡಿಕೊಂಡರೂ ಕೇಳಲಿಲ್ಲ. ಆಕೆ ಸುಮ್ನೆ ಅವನ ಬಟ್ಟೆಗಳನ್ನೆಲ್ಲ ಬಚ್ಚಿಟ್ಟಳಂತೆ. ಹೊರಗೆ ಹೋಗುವುದು ಹೇಗೆ? ಚರ್ಚಿನ ಇತಿಹಾಸ ಬರೆದ ಯುಸೇಬಿಯಸ್ ಇದನ್ನು ಹೇಳುತ್ತಾನೆ. ಮುಂದೆ ಇದೇ ಒರಿಜೆನ್ ತನ್ನ ಬಳಿಯಿದ್ದ ಹಳೆಯ ಗ್ರೀಕ್ ಪುಸ್ತಕಗಳನ್ನೆಲ್ಲ ಮಾರಿಬಿಟ್ಟ. ಕೊಂಡವನು ದಿನಕ್ಕೆ ನಾಲ್ಕು ಓಬಲ್ ಕೊಡುತ್ತಿದ್ದ. ಓಬಲ್ ಅಂದರೆ ಚಿಲ್ಲರೆ ಕಾಸು. ಅದರಲ್ಲೇ ಜೀವನ.

ಪುಸ್ತಕ ಮಾರಿದ, ಓದಿದ್ದು ಎಲ್ಲಿ ಹೋಗುತ್ತದೆ? ಸುಮಾರು 248ರಲ್ಲಿ, ಅವನಿಗೆ ಅರವತ್ತು ದಾಟಿದ ಮೇಲೆ, ಗೆಳೆಯ ಆಂಬ್ರೋಸ್ ಸೆಲ್ಸಸ್‌ನ ಪುಸ್ತಕ ಕಳಿಸಿ ಉತ್ತರ ಬರೆ ಅಂತ ಗಂಟು ಬಿದ್ದ. ಒರಿಜೆನ್‌ಗೆ ಮನಸ್ಸಿರಲಿಲ್ಲ. ಯೇಸು ತನ್ನ ಮೇಲಿನ ದೂರಿಗೆ ಮೌನವಾಗಿದ್ದ, ನಾವೇಕೆ ಮಾತಾಡಬೇಕು ಅಂತ ಮುನ್ನುಡಿಯಲ್ಲೇ ಗೊಣಗುತ್ತಾನೆ. ಕೊನೆಗೆ ಬರೆದದ್ದು ಎಂಟು ಸಂಪುಟ! ಎದುರಾಳಿಯ ಒಂದು ಮಾತು ಎತ್ತಿ ಬರೆಯುವುದು, ಉತ್ತರ ಹೇಳುವುದು, ಮತ್ತೆ ಮುಂದಿನ ಮಾತು. ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಚಾರ್ವಾಕರ ಮಾತು ಬಹುಪಾಲು ನಮಗೆ ಉಳಿದದ್ದೂ ಅವರನ್ನು ಅಲ್ಲಗಳೆದವರ ಪುಸ್ತಕದಲ್ಲೇ ಅಲ್ವಾ? ಒರಿಜೆನ್‌ನ ಉತ್ತರ ಕೆಲವು ಕಡೆ ತೀರಾ ಉದ್ದ, ನಿಜ ಹೇಳಬೇಕೆಂದರೆ ಆಕಳಿಕೆ ಬರುತ್ತದೆ. ಸೆಲ್ಸಸ್‌ನ ಸಾಲು ಬಂದ ಕೂಡಲೇ ನಿದ್ದೆ ಹಾರಿಹೋಗುತ್ತದೆ.

ಎಲ್ಲರಿಗೂ ಇಂಥ ಎದುರಾಳಿ ಸಿಗಲಿಲ್ಲ. ಪೊರ್ಫಿರಿ ಎಂಬ ತತ್ವಜ್ಞಾನಿ ಕ್ರೈಸ್ತರ ವಿರುದ್ಧ ಹದಿನೈದು ಸಂಪುಟ ಬರೆದಿದ್ದ. 448ರಲ್ಲಿ ಅದನ್ನು ಸುಡಲು ರಾಜಾಜ್ಞೆಯಾಯಿತು. ಅದಕ್ಕೆ ಯುಸೇಬಿಯಸ್‌ನಂಥವರು ಬರೆದ ಉತ್ತರಗಳೂ ಕಳೆದುಹೋದವು. ಉಳಿದದ್ದು ಚೂರುಪಾರು.

ಹೆರಾಕ್ಲಿಟಸ್‌ನ ಅದೃಷ್ಟ ಸ್ವಲ್ಪ ಬೇರೆ. ಅವನು ಹಳೆಯ ಗ್ರೀಕ್ ತತ್ವಜ್ಞಾನಿ. ‘ಹತ್ತುವ ದಾರಿ, ಇಳಿಯುವ ದಾರಿ ಎರಡೂ ಒಂದೇ’ ಎಂಬ ಅವನ ಮಾತನ್ನು ಚರ್ಚಿನ ಒಬ್ಬ ಲೇಖಕ ಪಾಷಂಡಿಗಳನ್ನು, ಅಂದರೆ ಚರ್ಚಿನ ಮತಕ್ಕೆ ವಿರುದ್ಧವಾಗಿ ಬೋಧಿಸಿದವರನ್ನು, ಬೈಯಲು ಬರೆದ ಪುಸ್ತಕದಲ್ಲಿ ಎತ್ತಿ ಹೇಳಿದ್ದಾನೆ. ಪಾಷಂಡಿಗಳು ಇದನ್ನು ಕದ್ದದ್ದು ಹೆರಾಕ್ಲಿಟಸ್‌ನಿಂದ ಅಂತ ತೋರಿಸುವುದು ಅವನ ಉದ್ದೇಶ. ಆ ಪುಸ್ತಕದ ಹೆಚ್ಚಿನ ಭಾಗ ಗ್ರೀಸಿನ ಆಥೋಸ್ ಬೆಟ್ಟದ ಮಠದಲ್ಲಿ ಸಿಕ್ಕಿ 1842ರಲ್ಲಿ ಪ್ಯಾರಿಸ್ ಸೇರಿತು. 1851ರಲ್ಲಿ ಅಚ್ಚಾದಾಗ ಕರ್ತೃವಿನ ಹೆಸರು ಒರಿಜೆನ್ ಅಂತಲೇ ಹಾಕಿದರು! ಅದು ರೋಮಿನ ಹಿಪ್ಪೊಲಿಟಸ್‌ನದು ಅಂತ ಆಮೇಲೆ ಹೆಚ್ಚಿನ ವಿದ್ವಾಂಸರು ಒಪ್ಪಿದರು.

ಇನ್ನು ಒರಿಜೆನ್‌ನ ಸ್ವಂತ ಪುಸ್ತಕಗಳು? ಆರನೇ ಶತಮಾನದಲ್ಲಿ ಅವನನ್ನೇ ಪಾಷಂಡಿ ಅಂದುಬಿಟ್ಟರು. ಗ್ರೀಕ್ ಮೂಲದಲ್ಲಿ ಅವನು ಬರೆದ ಎಷ್ಟೋ ಕೃತಿಗಳು ಹೋದವು. 2012ರಲ್ಲಿ ಮ್ಯೂನಿಕ್‌ನ ಗ್ರಂಥಾಲಯದಲ್ಲಿ ಹಸ್ತಪ್ರತಿಗಳ ಪಟ್ಟಿ ಮಾಡುತ್ತಿದ್ದ ವಿದ್ವಾಂಸೆಯೊಬ್ಬರ ಕೈಗೆ ಒಂದು ಹಳೆಯ ಕಟ್ಟು ಬಂತು. ಅದರಲ್ಲಿ ಬೈಬಲಿನ ಕೀರ್ತನೆಗಳ ಮೇಲೆ 29 ಪ್ರವಚನಗಳಿದ್ದವು. ಓದುತ್ತಾ ಹೋದಂತೆ ಅವರಿಗೆ ಹೊಳೆಯಿತು, ಇದು ಒರಿಜೆನ್‌ನ ದನಿ. ಆ ಪ್ರತಿಯ ಮೇಲೆ ಅವನ ಹೆಸರೇ ಇರಲಿಲ್ಲ.

ನಮಸ್ಕಾರ.